ಹದಿನಾರಕ್ಕೇ ಮಾಜಿ ಆಟಗಾರ

2008ರ ಫೆಬ್ರವರಿ. ಸ್ಪೇನಿನ ಮಾಲಗಾದಲ್ಲಿ ಫ್ರಾನ್ಸ್ ವಿರುದ್ಧ ಸ್ನೇಹಪಂದ್ಯ. ಬಾರ್ಸಿಲೋನಾ ಕ್ಲಬ್ಬಿನ ಹದಿನೇಳರ ಹುಡುಗ ಬೋಯಾನ್ ಕ್ರ್ಕಿಚ್ ಅಂದು ಸ್ಪೇನಿನ ಹಿರಿಯರ ತಂಡಕ್ಕೆ ಮೊದಲ ಸಲ ಆಡುವವನಿದ್ದ. ಆಡಲಿಲ್ಲ. ಹೊಟ್ಟೆ ಕೆಟ್ಟಿದೆ ಎಂಬ ಸುದ್ದಿ ಹೊರಬಂತು. ಹುಡುಗನ ಹೊಟ್ಟೆಗೆ ಏನೂ ಆಗಿರಲಿಲ್ಲ. ತಲೆ ಸುತ್ತುತ್ತಿತ್ತು, ತಲೆಯೊಳಗೆ ಹಗಲೂ ರಾತ್ರಿ ಬಿಡದ ಒತ್ತಡ, ಹೇಳಲಾಗದ ಗಾಬರಿ. ಅದು ಆತಂಕದ ತೀವ್ರ ದಾಳಿ. ನಾಲ್ಕು ತಿಂಗಳಲ್ಲಿ ಯೂರೋ ಕಪ್ ಬಂತು. ಕೋಚ್ ಲೂಯಿಸ್ ಅರಗೋನೆಸ್ ಕರೆದರೂ ಬೋಯಾನ್ ಹೋಗಲಾರೆನೆಂದ. ಸ್ಪೇನ್ ಕರೆದರೂ ಬಾರದ ಹುಡುಗ ಎಂದು ಪತ್ರಿಕೆಗಳು ಬರೆದವು. ಆ ಸಲ ಸ್ಪೇನ್ 44 ವರ್ಷಗಳ ನಂತರ ಯೂರೋ ಕಪ್ ಗೆದ್ದಿತು. ಬೋಯಾನ್ ಮುಂದೆ ದೇಶಕ್ಕಾಗಿ ಆಡಿದ್ದು ಒಂದೇ ಒಂದು ಪಂದ್ಯ. ಅಂದು ನಿಜವಾಗಿ ನಡೆದದ್ದೇನು ಎಂದು ಅವನು ಬಾಯಿಬಿಟ್ಟು ಹೇಳಿದ್ದು ಹತ್ತು ವರ್ಷಗಳ ಮೇಲೆ, 2018ರಲ್ಲಿ.

ಅವನು ಗೆದ್ದವರ ಸಾಲಿನವನು ಎಂಬುದನ್ನು ಇಲ್ಲಿ ಮರೆಯಬಾರದು. ಬಾರ್ಸಿಲೋನಾದ ‘ಲಾ ಮಾಸಿಯಾ’ ಅಕಾಡೆಮಿಗೆ ಪುಟ್ಟ ಬಾಲಕನಾಗಿ ಸೇರಿದವನು, ಅಲ್ಲಿಯ ಕಿರಿಯರ ತಂಡಗಳಿಗೆ ನೂರಾರು ಗೋಲು ಹೊಡೆದವನು. 2007ರಲ್ಲಿ ಮೊದಲ ತಂಡಕ್ಕೆ ಬಂದ ಕೆಲವೇ ವಾರಗಳಲ್ಲಿ, ಕ್ಲಬ್ಬಿನ ಪರ ಲೀಗ್‌ನಲ್ಲಿ ಗೋಲು ಹೊಡೆದ ಅತಿ ಕಿರಿಯ ಎಂಬ ದಾಖಲೆಯನ್ನು ಮೆಸ್ಸಿಯಿಂದ ಕಸಿದುಕೊಂಡ. ‘ಹೊಸ ಮೆಸ್ಸಿ’ ಎಂಬ ಬಿರುದು ಅಂದೇ ಬೆನ್ನಿಗೆ ಬಿತ್ತು. ಸಾವಿರಾರು ಮಕ್ಕಳು ಹತ್ತಲಾಗದ ಏಣಿಯ ತುದಿ ಮುಟ್ಟಿದ ಹುಡುಗನ ಸ್ಥಿತಿಯೇ ಇದಾದರೆ, ನಡುವೆ ಎಲ್ಲೋ ಕೈಬಿಟ್ಟುಹೋದವರ ಸ್ಥಿತಿ ಏನು? ಫುಟ್‌ಬಾಲ್ ಲೋಕ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳಲು ಶುರುಮಾಡಿದ್ದು ತೀರ ಈಚೆಗೆ. ಉತ್ತರ ಹುಡುಕಲು ಇಂಗ್ಲೆಂಡಿಗಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಮಕ್ಕಳನ್ನು ಇಷ್ಟು ಎಳೆಯ ವಯಸ್ಸಿನಲ್ಲಿ, ಇಷ್ಟು ವ್ಯವಸ್ಥಿತವಾಗಿ ಆರಿಸಿ, ಬೆಳೆಸಿ, ಹೊರಗೆ ಕಳಿಸುವ ಏರ್ಪಾಟು ಬೇರೆಡೆ ಕಡಿಮೆ.

ಅಲ್ಲಿಯ ಕ್ಲಬ್ಬುಗಳು ಮಕ್ಕಳನ್ನು ವಿಧ್ಯುಕ್ತವಾಗಿ ನೋಂದಾಯಿಸಿಕೊಳ್ಳುವುದು ಒಂಬತ್ತು ವರ್ಷದೊಳಗಿನವರ ತಂಡದಿಂದ. ಅದಕ್ಕೂ ಮೊದಲೇ ಐದಾರು ವರ್ಷದ ಕೂಸುಗಳನ್ನು ಕರೆತಂದು ಆಡಿಸುವ ಕೇಂದ್ರಗಳಿವೆ. 2012ರಲ್ಲಿ ಪ್ರೀಮಿಯರ್ ಲೀಗ್ ಹೊಸ ಯೋಜನೆಯೊಂದನ್ನು ತಂದು ಅಕಾಡೆಮಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಮೈದಾನ, ಕೋಚ್, ವೈದ್ಯರು, ತರಬೇತಿಯ ಗಂಟೆಗಳು ಎಲ್ಲಕ್ಕೂ ಲೆಕ್ಕ, ತಪಾಸಣೆ ಬಂದವು. ಆಟದ ಗುಣಮಟ್ಟ ಏರಿತು, ಇದು ಸುಳ್ಳಲ್ಲ. ಇಂಗ್ಲೆಂಡ್ 2017ರಲ್ಲಿ 17 ವರ್ಷದೊಳಗಿನವರ ಮತ್ತು 20 ವರ್ಷದೊಳಗಿನವರ ವಿಶ್ವಕಪ್‌ಗಳೆರಡನ್ನೂ ಗೆದ್ದಿತು. ಅವುಗಳಲ್ಲಿ 17 ವರ್ಷದೊಳಗಿನವರದನ್ನು ಗೆದ್ದದ್ದು ನಮ್ಮ ಕೋಲ್ಕತಾದಲ್ಲೇ. ಆದರೆ ಅದೇ ಏರ್ಪಾಟು ಮಗುವಿನ ವಾರವನ್ನೆಲ್ಲ ನುಂಗುತ್ತಾ ಬಂತು. ಶಾಲೆ ಬಿಟ್ಟ ಕೂಡಲೇ ಕಾರು, ಕಾರಿನಲ್ಲೇ ಊಟ, ತರಬೇತಿ, ರಾತ್ರಿ ಮನೆ, ಭಾನುವಾರ ಪಂದ್ಯ. ಗೆಳೆಯನ ಹುಟ್ಟುಹಬ್ಬ, ಕಸಿನ್ ಮದುವೆ, ಶಾಲೆಯ ನಾಟಕ, ಬೇರೆ ಆಟ ಒಂದೊಂದೇ ಬಿಟ್ಟುಹೋಗುತ್ತವೆ. ಮನೆಯವರ ರಜೆ ಕೂಡ ಕ್ಲಬ್ಬಿನ ವೇಳಾಪಟ್ಟಿ ನೋಡಿಕೊಂಡೇ ನಿರ್ಧಾರವಾಗುತ್ತದೆ.

ಆ ಮಗುವಿಗೆ ಒಂದು ವರ್ಷದ, ಮುಂದೆ ಎರಡು ವರ್ಷದ ನೋಂದಣಿ. ಅವಧಿ ಮುಗಿಯುತ್ತಾ ಬಂದಾಗಲೆಲ್ಲ ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಪ್ರಶ್ನೆ. ಹತ್ತು ವರ್ಷದ ಹುಡುಗನೊಬ್ಬ ಪ್ರತಿ ವರ್ಷ ತನ್ನ ಕೆಲಸ ಉಳಿಯುತ್ತದೋ ಎಂದು ಕಾಯುವಂಥ ಸ್ಥಿತಿಯನ್ನು ನಾವು ಬೇರೆ ಯಾವ ಕ್ಷೇತ್ರದಲ್ಲೂ ಒಪ್ಪಿಕೊಳ್ಳುವುದಿಲ್ಲ.

ದೊಡ್ಡ ತೀರ್ಮಾನ ಬರುವುದು ಹದಿನಾರರಲ್ಲಿ. ಎರಡು ವರ್ಷದ ಪೂರ್ಣಾವಧಿ ‘ಸ್ಕಾಲರ್‌ಶಿಪ್’ ಸಿಕ್ಕರೆ ಆಟಗಾರನಾಗುವ ದಾರಿ ತೆರೆದಿದೆ ಎಂದರ್ಥ. ಸಿಗದಿದ್ದರೆ ‘ರಿಲೀಸ್’, ಅಂದರೆ ಕ್ಲಬ್ಬಿನಿಂದ ಬಿಡುಗಡೆ. ಸಾಮಾನ್ಯವಾಗಿ ಈ ಮಾತು ಕಿವಿಗೆ ಬೀಳುವುದು ಡಿಸೆಂಬರ್ ಹೊತ್ತಿಗೆ. ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್ಇ ಪರೀಕ್ಷೆಗೆ ಆಗ ಉಳಿದಿರುವುದು ಐದೇ ತಿಂಗಳು. ಏಳೆಂಟು ವರ್ಷ ಓದನ್ನು ಎರಡನೇ ಸಾಲಿಗೆ ತಳ್ಳಿದ ಹುಡುಗ, ಮನಸ್ಸು ಒಡೆದುಕೊಂಡು ಪುಸ್ತಕದ ಮುಂದೆ ಕೂರಬೇಕು.

ಬಿಡುಗಡೆಯಾದ ಹುಡುಗರು ಹೇಳಿಕೊಂಡಿರುವ ಮಾತುಗಳಲ್ಲಿ ಕೆಲವು ಸಂಗತಿಗಳು ಪದೇಪದೇ ಬರುತ್ತವೆ. ಕಚೇರಿಯ ಕೋಣೆ, ಮೇಜಿನ ಆಚೆ ಇಬ್ಬರು ಮೂವರು ಕೋಚ್‌ಗಳು, ಈಚೆ ಅಪ್ಪ ಅಮ್ಮನ ನಡುವೆ ಹುಡುಗ. ಮಾತು ಐದು ಹತ್ತು ನಿಮಿಷ ನಡೆದರೆ ಹೆಚ್ಚು. ಕೆಲವರಿಗೆ ಆ ಸಭೆಯೂ ಇಲ್ಲ. ಒಂದು ಕಾಗದ, ಇಲ್ಲವೇ ಒಂದು ಫೋನ್ ಕರೆ. ಸ್ವಲ್ಪ ದಿನದಲ್ಲಿ ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನಿಲ್ಲ. ಶಾಲೆಯಲ್ಲಿ ಅವನನ್ನು ಎಲ್ಲರೂ ಗುರುತಿಸುತ್ತಿದ್ದದ್ದು ಎದೆಯ ಮೇಲೆ ಕ್ಲಬ್ಬಿನ ಲಾಂಛನವಿದ್ದ ಟ್ರ್ಯಾಕ್‌ಸೂಟಿನಿಂದ. ಈಗ ಅದನ್ನು ಹಾಕಿಕೊಂಡು ಹೋಗುವಂತಿಲ್ಲ. ಏಕೆ ಬಿಟ್ಟರು ಎಂದು ಕೇಳುವ ಗೆಳೆಯರಿಗೆ ಏನು ಹೇಳುವುದೆಂದು ತೋಚದೆ ದಿನಗಟ್ಟಲೆ ಕೋಣೆಯಿಂದ ಹೊರಬಾರದವರಿದ್ದಾರೆ. ಎಷ್ಟೋ ಮನೆಗಳಲ್ಲಿ ಹುಡುಗನ ಜೊತೆಗೆ ಅಪ್ಪನೂ ಕುಸಿಯುತ್ತಾನೆ, ಏಕೆಂದರೆ ಅವನ ಶನಿವಾರ ಭಾನುವಾರಗಳೂ ಸ್ನೇಹಗಳೂ ಅದೇ ಮೈದಾನದ ಅಂಚಿನಲ್ಲಿ ಬೆಳೆದವು.

ಇದು ಕೆಲವು ದುರ್ಬಲ ಮನಸ್ಸುಗಳ ಕಥೆಯಲ್ಲ ಎಂಬುದಕ್ಕೆ ಅಂಕಿಗಳಿವೆ. ಬ್ಲೇಕ್‌ಲಾಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಗ್ಲೆಂಡಿನ ಅಕಾಡೆಮಿಗಳ ಹದಿಹರೆಯದ ಆಟಗಾರರನ್ನು ತೀರ್ಮಾನಕ್ಕೆ ಮುನ್ನ, ತೀರ್ಮಾನವಾದ 7 ದಿನಕ್ಕೆ, ಮತ್ತೆ 21 ದಿನಕ್ಕೆ ಪರೀಕ್ಷಿಸಿದರು. ಕೈಬಿಟ್ಟವರಲ್ಲಿ ಶೇಕಡ 55 ಹುಡುಗರು 21ನೇ ದಿನ ವೈದ್ಯಕೀಯವಾಗಿ ಗಮನ ಕೊಡಲೇಬೇಕಾದ ಮಟ್ಟದ ಮಾನಸಿಕ ಯಾತನೆಯಲ್ಲಿದ್ದರು. ಮೂರು ವಾರ ಕಳೆದರೂ ಅರ್ಧಕ್ಕಿಂತ ಹೆಚ್ಚು ಮಂದಿ! ಇನ್ನು ಕೈಬಿಡುವುದು ಎಷ್ಟು ಜನರನ್ನು? ಪ್ರೀಮಿಯರ್ ಲೀಗ್‌ನದೇ ಲೆಕ್ಕವೊಂದು 2022ರಲ್ಲಿ ಹೊರಬಂತು. ಮೇಲ್ದರ್ಜೆಯ ಅಕಾಡೆಮಿಗಳಲ್ಲಿ ಬೆಳೆದು ಆಗ 21ರಿಂದ 26ರ ವಯಸ್ಸಿನಲ್ಲಿದ್ದವರಲ್ಲಿ ಶೇಕಡ 97 ಮಂದಿ ಪ್ರೀಮಿಯರ್ ಲೀಗ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಸುಮಾರು ಶೇಕಡ 70 ಮಂದಿಗೆ ಅಲ್ಲಿಯ ವೃತ್ತಿಪರ ಲೀಗ್‌ಗಳ ಯಾವ ಕ್ಲಬ್ಬಿನಿಂದಲೂ ವೃತ್ತಿಪರ ಒಪ್ಪಂದ ಸಿಕ್ಕಿರಲಿಲ್ಲ. ಅಂದರೆ ಹೊರಬೀಳುವುದೇ ಇಲ್ಲಿಯ ರೂಢಿ, ಉಳಿಯುವುದೇ ಅಪವಾದ. ಬಹುಪಾಲು ಜನರಿಗೆ ಆಗುವುದೆಂದು ಗೊತ್ತಿರುವ ಸಂಗತಿಗೆ ಮೊದಲ ದಿನದಿಂದಲೇ ಸಿದ್ಧಮಾಡದಿರುವುದನ್ನು ಅಜಾಗ್ರತೆ ಎನ್ನದೆ ಬೇರೆ ಏನೂ ಅನ್ನಲಾಗದು.

ಜೆರೆಮಿ ವಿಸ್ಟನ್ ಹೆಸರು ಇಂಗ್ಲೆಂಡಿನ ಫುಟ್‌ಬಾಲ್ ಜನರಿಗೆ ಈಗ ಚೆನ್ನಾಗಿ ಗೊತ್ತು. ಆಫ್ರಿಕಾದ ಮಲಾವಿಯಲ್ಲಿ ಹುಟ್ಟಿ, ಎಳವೆಯಲ್ಲೇ ಹೆತ್ತವರೊಂದಿಗೆ ಇಂಗ್ಲೆಂಡಿಗೆ ಬಂದ ಹುಡುಗ. ಡಿಫೆಂಡರ್. ಹದಿಮೂರರ ಸುಮಾರಿಗೆ ಮ್ಯಾಂಚೆಸ್ಟರ್ ಸಿಟಿಯ ಅಕಾಡೆಮಿ ಸೇರಿದ. ಮೊಣಕಾಲಿನ ಗಾಯ ಅವನನ್ನು ಬಹಳ ಕಾಲ ಮೈದಾನದಿಂದ ದೂರ ಇಟ್ಟಿತು. ಮುಂದೆ ಸ್ಕಾಲರ್‌ಶಿಪ್ ಇಲ್ಲವೆಂದು ತಿಳಿಸಲಾಯಿತು. 2020ರ ಅಕ್ಟೋಬರಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಅವನು ತೀರಿಕೊಂಡ. ಆತ್ಮಹತ್ಯೆ ಎಂದು ವಿಚಾರಣೆ ತೀರ್ಮಾನಿಸಿತು. ಇಂಥ ಸಾವಿಗೆ ಒಂದೇ ಕಾರಣ ಎಂಬುದು ಇರುವುದಿಲ್ಲ, ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವುದು ತಪ್ಪು. ಆದರೂ ಕ್ಲಬ್ಬಿನಿಂದ ಹೊರಬಿದ್ದ ಮೇಲೆ ಮಗನಿಗೆ ಸಾಕಷ್ಟು ಆಸರೆ ಸಿಗಲಿಲ್ಲವೆಂದು ಹೆತ್ತವರು ಸಾರ್ವಜನಿಕವಾಗಿ ಆಡಿದ ಮಾತನ್ನು ಇಡೀ ದೇಶ ಕೇಳಿಸಿಕೊಂಡಿತು. ಹುಡುಗರು ಹೊರಬಿದ್ದ ನಂತರ ಅವರ ಬಗ್ಗೆ ಯಾರು ಕೇಳುತ್ತಾರೆ ಎಂಬ ಪ್ರಶ್ನೆಯನ್ನು ಎಲ್ಲ ಕ್ಲಬ್ಬುಗಳ ಮುಂದೆ ಇಟ್ಟದ್ದು ಆ ಸಾವು.

ಇದರ ಮೂಲದಲ್ಲಿರುವ ಕೇಡನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹದಿಹರೆಯ ಎಂದರೆ ತಾನು ಯಾರು ಎಂದು ಹುಡುಕುವ ಕಾಲ. ಹುಡುಗನೊಬ್ಬ ಒಂದಷ್ಟು ದಿನ ಗಿಟಾರ್ ಹಿಡಿಯುತ್ತಾನೆ, ಚಿತ್ರ ಬರೆಯುತ್ತಾನೆ, ವಿಜ್ಞಾನಿಯಾಗುತ್ತೇನೆ ಅನ್ನುತ್ತಾನೆ, ಮರುವರ್ಷ ಮರೆಯುತ್ತಾನೆ. ಹಾಗೆ ಹುಡುಕುತ್ತಾ, ಬಿಡುತ್ತಾ ಬೆಳೆಯುತ್ತಾನೆ. ಅಕಾಡೆಮಿಯ ಹುಡುಗನಿಗೆ ಹುಡುಕುವ ಅವಕಾಶವೇ ಸಿಗುವುದಿಲ್ಲ. ಒಂಬತ್ತರಲ್ಲೇ ಅವನು ‘ಫುಟ್‌ಬಾಲ್ ಆಟಗಾರ’. ಅಜ್ಜಿ ಹಾಗೆ ಪರಿಚಯಿಸುತ್ತಾಳೆ, ಮೇಷ್ಟ್ರು ಹಾಗೆ ಕರೆಯುತ್ತಾರೆ, ಇನ್‌ಸ್ಟಾಗ್ರಾಂ ಖಾತೆಯೂ ಹಾಗೇ ಹೇಳುತ್ತದೆ. ಆಡುವಾಗ ಇದು ಶಕ್ತಿಯೇ ಹೌದು. ಇಡೀ ಜೀವವನ್ನು ಒಂದು ಕೆಲಸಕ್ಕೆ ತೆತ್ತವನು ಮಳೆಯಲ್ಲೂ ಚಳಿಯಲ್ಲೂ ಬೆವರು ಸುರಿಸುತ್ತಾನೆ. ಆಟ ಕೈತಪ್ಪಿದ ದಿನ ಮಾತ್ರ ಅವನ ಕೈಯಲ್ಲಿ ಬೇರೇನೂ ಉಳಿದಿರುವುದಿಲ್ಲ. ಮೊಣಕಾಲು ನೋವಿನ ಹುಡುಗ ಆರು ತಿಂಗಳು ಜಿಮ್ಮಿನಲ್ಲಿ ಒಬ್ಬನೇ ಸೈಕಲ್ ತುಳಿಯುತ್ತಾ ಕಿಟಕಿಯಾಚೆ ಗೆಳೆಯರು ಆಡುವುದನ್ನು ನೋಡುವಾಗ ಅನುಭವಿಸುವುದೂ ಇದನ್ನೇ. ಗಾಯ ಮತ್ತು ಬಿಡುಗಡೆ ಒಟ್ಟಿಗೆ ಬಂದವರ ಮೇಲೆ ಹೆಚ್ಚಿನ ಕಣ್ಣಿಡಬೇಕು ಎನ್ನುವುದು ಇದಕ್ಕೇ.

ಸಮಾಧಾನ ಹೇಳಲು ಬರುವವರ ಬಾಯಲ್ಲಿ ಸಿದ್ಧ ಹೆಸರುಗಳಿರುತ್ತವೆ. ಹ್ಯಾರಿ ಕೇನ್‌ನನ್ನು ಆರ್ಸೆನಲ್ ಎಂಟು ಒಂಬತ್ತರ ವಯಸ್ಸಿನಲ್ಲಿ ಕೈಬಿಟ್ಟಿತ್ತು. ಗಿಡ್ಡನೆಂದು ಶೆಫೀಲ್ಡ್ ವೆನ್ಸ್‌ಡೇ ಬಿಟ್ಟ ಜೇಮಿ ವಾರ್ಡಿ ಕಾರ್ಖಾನೆಯಲ್ಲಿ ದುಡಿಯುತ್ತಾ ಸಣ್ಣ ತಂಡಗಳಿಗೆ ಆಡಿ, 2016ರಲ್ಲಿ ಲೆಸ್ಟರ್ ಜೊತೆ ಲೀಗ್ ಚಾಂಪಿಯನ್ ಆದ. ಎಬೆರೆಚಿ ಎಝೆ ಕಥೆ ಇನ್ನೂ ಮೈ ಜುಮ್ಮೆನ್ನಿಸುವಂಥದ್ದು: ಹದಿಮೂರಕ್ಕೆ ಆರ್ಸೆನಲ್ ಬಿಟ್ಟಾಗ ದಿನಗಟ್ಟಲೆ ಅತ್ತವನು, ಆಮೇಲೆ ಫುಲ್‌ಹ್ಯಾಮ್, ರೆಡಿಂಗ್, ಮಿಲ್‌ವಾಲ್ ಎಲ್ಲ ಕಡೆಯೂ ಬಾಗಿಲು ಮುಚ್ಚಿಸಿಕೊಂಡವನು, 2025ರ ಎಫ್ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದು ಕ್ರಿಸ್ಟಲ್ ಪ್ಯಾಲೆಸ್‌ಗೆ ಅದರ ಮೊದಲ ದೊಡ್ಡ ಪ್ರಶಸ್ತಿ ತಂದ. ಅದೇ ವರ್ಷ ಆರ್ಸೆನಲ್ ಅವನನ್ನು ದೊಡ್ಡ ಬೆಲೆ ತೆತ್ತು ವಾಪಸ್ ಕರೆಸಿಕೊಂಡಿತು.

ಕಥೆಗಳು ನಿಜ. ಆದರೆ ನಿನ್ನೆ ತಾನೆ ಬಿಡುಗಡೆಯಾದ ಹುಡುಗನಿಗೆ ಇವುಗಳಿಂದ ಆಗುವುದು ಅಪಾಯವೇ ಹೆಚ್ಚು. ನೀನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹಟ ಹಿಡಿದರೆ ಎಝೆ ಆಗಬಹುದು ಎಂದು ಹೇಳಿದರೆ, ಆಗದಿದ್ದರೆ ತಪ್ಪು ನಿನ್ನದು ಎಂದೂ ಹೇಳಿದ ಹಾಗಾಯಿತು. ಅವನು ಮೊದಲು ಅಳಬೇಕು, ಕಳಕೊಂಡದ್ದು ನಿಜಕ್ಕೂ ದೊಡ್ಡದು ಎಂದು ಯಾರಾದರೂ ಒಪ್ಪಬೇಕು. ಆಮೇಲೆ ನಾಳೆಯ ಮಾತು.

ಯಾರನ್ನು ಬಿಡುತ್ತಾರೆ ಎಂಬುದರಲ್ಲೂ ಪ್ರತಿಭೆಯೊಂದೇ ಕೆಲಸ ಮಾಡುವುದಿಲ್ಲ. ಇಂಗ್ಲೆಂಡಿನಲ್ಲಿ ವಯೋಮಾನದ ಲೆಕ್ಕ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದವನೂ ಒಂದೇ ತಂಡ. ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ಎತ್ತರದಲ್ಲಿ, ಓಟದಲ್ಲಿ ಎದ್ದು ಕಾಣುವ ವ್ಯತ್ಯಾಸ. ಹಾಗಾಗಿ ಅಕಾಡೆಮಿಗಳಲ್ಲಿ ಆ ಲೆಕ್ಕದ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಗುಂಪುಗಟ್ಟಿದ್ದಾರೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಜುಲೈ ಕೊನೆಯಲ್ಲಿ ಹುಟ್ಟಿದ ಕೇನ್ ಕೂಡ ಆ ಲೆಕ್ಕದಲ್ಲಿ ತಂಡದ ಕಿರಿಯರಲ್ಲೊಬ್ಬ. ಹದಿಮೂರು ಹದಿನಾಲ್ಕಕ್ಕೆ ಬಂದರೆ ಪ್ರಾಯಕ್ಕೆ ಬರುವ ಕಾಲವೂ ಸೇರಿಕೊಂಡು ಒಬ್ಬ ಮೀಸೆ ಮೂಡಿದ ಯುವಕ, ಇನ್ನೊಬ್ಬ ಧ್ವನಿಯೂ ಒಡೆಯದ ಬಾಲಕ. ಮಕ್ಕಳನ್ನು ಹುಟ್ಟಿದ ವರ್ಷದ ಬದಲು ದೇಹದ ಬೆಳವಣಿಗೆಯ ಮೇಲೆ ಗುಂಪುಮಾಡಿ ಆಡಿಸುವ ಪ್ರಯೋಗವನ್ನು ಪ್ರೀಮಿಯರ್ ಲೀಗ್ 2015ರ ಹೊತ್ತಿಗೆ ಶುರುಮಾಡಿತು. ಆದರೂ ತಡವಾಗಿ ಬೆಳೆಯುವ ಹುಡುಗ ತನ್ನಲ್ಲೇ ಏನೋ ಕೊರತೆಯಿದೆ ಎಂದು ನಂಬಿಕೊಂಡು ಹೊರಗೆ ನಡೆಯುವುದು ಇನ್ನೂ ನಿಂತಿಲ್ಲ.

ನೋವನ್ನು ಹೇಳಿಕೊಳ್ಳಬಹುದಲ್ಲ ಎಂದು ಕೇಳುವುದು ಸುಲಭ. ಹೇಳಿಕೊಳ್ಳುವುದು ಯಾರಿಗೆ? ತಂಡದಲ್ಲಿ ಜಾಗ ಕೊಡುವವನೂ ಕಿತ್ತುಕೊಳ್ಳುವವನೂ ಕೋಚ್. ಅವನ ಮುಂದೆ ರಾತ್ರಿ ನಿದ್ದೆ ಬರುತ್ತಿಲ್ಲ ಅಂದರೆ ಮುಂದಿನ ಪಂದ್ಯದ ಪಟ್ಟಿಯಲ್ಲಿ ಹೆಸರಿರುತ್ತದೋ ಇಲ್ಲವೋ ಎಂಬ ಭಯ. ಈ ಅಧಿಕಾರ ಎಷ್ಟು ಭೀಕರವಾಗಿ ದುರ್ಬಳಕೆಯಾಗಬಲ್ಲದು ಎಂಬುದು 2016ರ ನವೆಂಬರಿನಲ್ಲಿ ಜಗತ್ತಿಗೆ ತಿಳಿಯಿತು. ಮಾಜಿ ಆಟಗಾರ ಆ್ಯಂಡಿ ವುಡ್‌ವರ್ಡ್ ತಾನು ಬಾಲಕನಾಗಿದ್ದಾಗ ಕೋಚ್ ಬ್ಯಾರಿ ಬೆನ್ನೆಲ್‌ನಿಂದ ಅನುಭವಿಸಿದ ಲೈಂಗಿಕ ದೌರ್ಜನ್ಯವನ್ನು ಹೆಸರು ಹೇಳಿಕೊಂಡು ಬಿಚ್ಚಿಟ್ಟ. ಅವನ ಹಿಂದೆ ನೂರಾರು ಮಂದಿ ಮುಂದೆ ಬಂದರು. 1970ರಿಂದ 2005ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿ 2021ರಲ್ಲಿ ಬಂದ ಕ್ಲೈವ್ ಶೆಲ್ಡನ್ ವರದಿ, ಕನಿಷ್ಠ 240 ಶಂಕಿತರು ಮತ್ತು 692 ಸಂತ್ರಸ್ತರ ಲೆಕ್ಕ ಕೊಟ್ಟಿತು. ಅಷ್ಟು ಮಕ್ಕಳು ಅಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಒಂದು ದೊಡ್ಡ ಕಾರಣ, ಬಾಯಿಬಿಟ್ಟರೆ ಫುಟ್‌ಬಾಲ್ ಕೈತಪ್ಪುತ್ತದೆ ಎಂಬ ಹೆದರಿಕೆ. ಮಕ್ಕಳ ರಕ್ಷಣೆಯ ನಿಯಮಗಳು ಈಗ ಬಹಳ ಬಿಗಿಯಾಗಿವೆ. ಹೆದರಿಕೆಯ ಬೇರು ಮಾತ್ರ ಇನ್ನೂ ಅಲ್ಲೇ ಇದೆ, ಏಕೆಂದರೆ ಆಯ್ಕೆಯ ಕೀಲಿ ಇಂದಿಗೂ ಒಬ್ಬಿಬ್ಬರ ಕೈಯಲ್ಲೇ ಇದೆ.

ಬೆಳೆದು ದೊಡ್ಡವರಾದವರೂ ಬಾಯಿಬಿಡಲು ವರ್ಷಗಳನ್ನೇ ತೆಗೆದುಕೊಂಡರು. ಜರ್ಮನಿಯ ಪೆರ್ ಮೆರ್ಟೆಸಾಕರ್ ವಿಶ್ವಕಪ್ ಗೆದ್ದ ತಂಡದ ಡಿಫೆಂಡರ್, ಆರೂವರೆ ಅಡಿ ಎತ್ತರದ ಆಳು. 2018ರಲ್ಲಿ ‘ಡೆರ್ ಸ್ಪೀಗೆಲ್’ ಪತ್ರಿಕೆಯ ಮುಂದೆ ಅವನು ಹೇಳಿಕೊಂಡದ್ದನ್ನು ಕೇಳಿದವರು ದಂಗಾದರು. ಪ್ರತಿ ಪಂದ್ಯ ಶುರುವಾಗುವ ಕೆಲವೇ ಕ್ಷಣ ಮೊದಲು ಹೊಟ್ಟೆ ತೊಳಸಿ ಓಕರಿಕೆ ಬರುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಕ್ಯಾಮೆರಾಗೆ ಕಾಣದಿರಲೆಂದು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದ. 2006ರಲ್ಲಿ ತವರಿನ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಸೋತಾಗ ದುಃಖದ ಜೊತೆಗೆ, ಅಂತೂ ಮುಗಿಯಿತಲ್ಲ ಎಂಬ ನಿರಾಳವೂ ಆಗಿತ್ತಂತೆ. ಅವನು ಹ್ಯಾನೋವರ್ ಕ್ಲಬ್ಬಿನಲ್ಲಿ ಗೋಲ್‌ಕೀಪರ್ ರಾಬರ್ಟ್ ಎಂಕೆಯ ಜೊತೆ ಆಡಿದ್ದವನು. ಖಿನ್ನತೆಯನ್ನು ಲೋಕದಿಂದ ಮುಚ್ಚಿಟ್ಟು ಬದುಕಿದ್ದ ಎಂಕೆ 2009ರ ನವೆಂಬರಿನಲ್ಲಿ ಪ್ರಾಣ ಕಳೆದುಕೊಂಡಾಗ ಜರ್ಮನಿಗೆ ಜರ್ಮನಿಯೇ ತಲ್ಲಣಿಸಿತ್ತು. ಮೆರ್ಟೆಸಾಕರ್ ಆ ಸಂದರ್ಶನ ಕೊಟ್ಟ ವರ್ಷವೇ ಆರ್ಸೆನಲ್ ಅಕಾಡೆಮಿಯ ಮುಖ್ಯಸ್ಥನಾದ. 2025ರವರೆಗೆ ಆ ಹೊಣೆ ಹೊತ್ತ. ಮಕ್ಕಳನ್ನು ಆರಿಸುವ, ಬಿಡುವ ಕುರ್ಚಿಯಲ್ಲಿ ಒತ್ತಡ ಎಂದರೇನೆಂದು ಮೈಯಲ್ಲಿ ಅನುಭವಿಸಿದವನು, ಅದನ್ನು ಹೇಳಲು ನಾಚದವನು ಕೂತದ್ದು ಸಣ್ಣ ವಿಷಯವಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ ಮಾರ್ವಿನ್ ಸೊರ್ಡೆಲ್ ಖಿನ್ನತೆಯೊಡನೆ ಸೆಣಸಿ, 28ಕ್ಕೇ ಬೂಟು ಕಳಚಿಟ್ಟು, ತನ್ನ ಕಥೆಯನ್ನು ಊರೂರಿಗೆ ಹೇಳಿಕೊಂಡು ತಿರುಗಿದ. ಹುಡುಗರು ಕೇಳುವುದು ಇಂಥವರ ಮಾತನ್ನೇ.

ವ್ಯವಸ್ಥೆ ಕದಲುತ್ತಿದೆ, ನಿಧಾನಕ್ಕೆ. ಕ್ರಿಸ್ಟಲ್ ಪ್ಯಾಲೆಸ್ 2021ರಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು: ಅಕಾಡೆಮಿಯಿಂದ ಬಿಡುಗಡೆಯಾಗುವ 18ರಿಂದ 23 ವರ್ಷದವರನ್ನು ಮೂರು ವರ್ಷ ಬೆನ್ನಿಗೆ ನಿಂತು ವಿಚಾರಿಸಿಕೊಳ್ಳುವ ಕಾರ್ಯಕ್ರಮ. ಹೇಗಿದ್ದೀಯ ಎಂದು ಕೇಳಲು, ಓದೋ ಕೆಲಸವೋ ಇನ್ನೊಂದು ತಂಡವೋ ಹುಡುಕಿಕೊಡಲು ಕ್ಲಬ್ಬಿನ ಕಡೆಯಿಂದ ಒಬ್ಬರು ಇರುತ್ತಾರೆ. ಲಿವರ್‌ಪೂಲ್ ಅಕಾಡೆಮಿಯಲ್ಲೇ ಬೆಳೆದ ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್ ತನ್ನ ಜೊತೆ ಆಡಿದ ಹುಡುಗರಲ್ಲಿ ಬಹುತೇಕರು ಎಲ್ಲಿ ಹೋದರೆಂಬ ಪ್ರಶ್ನೆ ಇಟ್ಟುಕೊಂಡು, ಹೊರಬಿದ್ದವರಿಗೆ ಉದ್ಯೋಗ ಮತ್ತು ತರಬೇತಿಯ ದಾರಿ ತೋರಿಸುವ ‘ದಿ ಆಫ್ಟರ್ ಅಕಾಡೆಮಿ’ಯನ್ನು 2023ರಲ್ಲಿ ಶುರುಮಾಡಿದ. ಇವೆರಡರಲ್ಲೂ ಮೆಚ್ಚಬೇಕಾದದ್ದು ಅವಧಿ. ಬಿಡುಗಡೆಯ ದಿನ ಬೆನ್ನು ತಟ್ಟುವುದು ಎಲ್ಲರಿಗೂ ಬರುತ್ತದೆ. ಆರು ತಿಂಗಳ ನಂತರ, ಗೆಳೆಯರೆಲ್ಲ ಮರೆತ ಮೇಲೆ, ಫೋನ್ ಮಾಡುವವರು ಬೇಕು.

ಇದು ದೂರದ ದೇಶದ ಸಮಾಚಾರವಾಗಿ ಉಳಿದಿಲ್ಲ. 2017ರಲ್ಲಿ ಭಾರತ 17 ವರ್ಷದೊಳಗಿನವರ ವಿಶ್ವಕಪ್ ನಡೆಸಿದಾಗ, 21 ಹುಡುಗರ ಮೇಲೆ ದೇಶದ ಕಣ್ಣಿತ್ತು. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕೊಲಂಬಿಯಾ ವಿರುದ್ಧ 82ನೇ ನಿಮಿಷ. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್‌ಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟ. ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು. ಮರುನಿಮಿಷವೇ ಕೊಲಂಬಿಯಾ ಮತ್ತೊಂದು ಹೊಡೆದು ಪಂದ್ಯ ಗೆದ್ದಿತು. ಭಾರತ ಮೂರೂ ಪಂದ್ಯ ಸೋತಿತು, ಹುಡುಗರು ಹೀರೋಗಳಾಗಿ ಮನೆಗೆ ಹೋದರು. ಆಮೇಲೆ? ಜೀಕ್ಸನ್, ಸುರೇಶ್ ಸಿಂಗ್, ಅನ್ವರ್ ಅಲಿಯಂಥವರು ಹಿರಿಯರ ರಾಷ್ಟ್ರೀಯ ತಂಡಕ್ಕೆ ಏರಿದರು. ಹಲವರ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಅನ್ವರ್ ದಾರಿಯಾದರೂ ಹೂವಿನದಲ್ಲ: 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ, ಆಡಬೇಡ ಎಂಬ ಮಾತು ಬಂದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿ, ಕಾದು, ಮತ್ತೆ ಮೈದಾನಕ್ಕೆ ಬಂದು, 2022ರಲ್ಲಿ ಭಾರತದ ಪರ ಆಡಿದ. ಆ ನಡುವಿನ ತಿಂಗಳುಗಳನ್ನು ಅವನ ವಯಸ್ಸಿನ ಹುಡುಗನೊಬ್ಬ ಹೇಗೆ ಕಳೆದನೆಂದು ಯೋಚಿಸಿದರೂ ಎದೆ ಭಾರವಾಗುತ್ತದೆ.

ಕರ್ನಾಟಕದಲ್ಲಿ ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿ ವಸತಿ ಅಕಾಡೆಮಿ ಕಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ, ಕ್ಲಬ್ಬಿನ ಯುವ ತಂಡಗಳಲ್ಲಿ ಬೆಳೆದ 19ರ ವಿನೀತ್ ವೆಂಕಟೇಶ್ ದೇಶದ ಅಗ್ರ ಲೀಗ್ ಐಎಸ್ಎಲ್‌ನ ಮೊದಲ ಪಂದ್ಯದಲ್ಲೇ ಗೆಲುವಿನ ಗೋಲು ಹೊಡೆದಾಗ ಕಂಠೀರವ ಕ್ರೀಡಾಂಗಣ ಕುಣಿಯಿತು. ಬೆಂಗಳೂರಿನ ಬಡಾವಣೆಗಳಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಟರ್ಫ್‌ಗಳ ಮೇಲೆ ಈಗ ಸಂಜೆಯಾದರೆ ಬಣ್ಣಬಣ್ಣದ ಜೆರ್ಸಿಯ ಮಕ್ಕಳು. ಇದರಲ್ಲಿ ಸಂತೋಷಪಡುವುದು ಬಹಳಷ್ಟಿದೆ. ನಮ್ಮ ಒತ್ತಡದ ಸ್ವರೂಪ ಮಾತ್ರ ಬೇರೆ. ವೃತ್ತಿಪರ ಲೀಗ್‌ಗಳು ಕಡಿಮೆ, ಇರುವ ಐಎಸ್ಎಲ್ ಕೂಡ 2025ರಲ್ಲಿ ಅನಿಶ್ಚಿತತೆಗೆ ಬಿದ್ದು, ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಸಂಬಳ ತಡೆಹಿಡಿಯಬೇಕಾಯಿತು. ಮಣಿಪುರ, ಮಿಜೋರಾಂನಿಂದ ಹನ್ನೆರಡು ಹದಿಮೂರಕ್ಕೇ ಹಾಸ್ಟೆಲ್ ಸೇರುವ ಹುಡುಗರಿಗೆ ಭಾಷೆ ಹೊಸತು, ಊಟ ಹೊಸತು. ಜೊತೆಗೆ ವಯಸ್ಸಿನ ಕಳ್ಳಲೆಕ್ಕದ ಪಿಡುಗು. ಕಿರಿಯರ ಪಂದ್ಯಾವಳಿಗಳಿಗೆ ಮುನ್ನ ಮುಂಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪರೀಕ್ಷೆ ಇದಕ್ಕೇ ಬಂದದ್ದು. ದೊಡ್ಡವರು ಬರೆಸಿದ ಸುಳ್ಳು ಜನ್ಮದಿನಾಂಕವನ್ನು ಹೊತ್ತು ಓಡಾಡುವ ಮಗು, ಸಿಕ್ಕಿಬಿದ್ದ ದಿನ ಇಡೀ ತಂಡದ ಮುಂದೆ ತಾನೇ ತಪ್ಪಿತಸ್ಥನಾಗಿ ನಿಲ್ಲುತ್ತದೆ.

ಮೈದಾನದ ಅಂಚಿನ ಕೂಗಾಟ ಎಲ್ಲ ಕಡೆಯೂ ಒಂದೇ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ಆರಂಭಿಸಿದ ‘ರೆಸ್ಪೆಕ್ಟ್’ ಕಾರ್ಯಕ್ರಮದಲ್ಲಿ ಪೋಷಕರು ದಾಟಬಾರದ ಗೆರೆಯನ್ನೇ ಹಾಕಬೇಕಾಯಿತು. ಮಕ್ಕಳ ಕ್ರೀಡೆಯಲ್ಲಿ ಕೆಲಸ ಮಾಡುವವರು ಅದಕ್ಕಿಂತ ಹೆಚ್ಚು ಹೇಳುವುದು ಪಂದ್ಯ ಮುಗಿಸಿ ಮನೆಗೆ ಮರಳುವ ದಾರಿಯ ಬಗ್ಗೆ. ಆ ಪಾಸ್ ಯಾಕೆ ಕೊಟ್ಟೆ, ಎಡಗಾಲಲ್ಲಿ ಯಾಕೆ ಹೊಡೆಯಲಿಲ್ಲ ಎಂಬ ವಿಚಾರಣೆ ಕಾರಿನ ಬಾಗಿಲು ಮುಚ್ಚಿದ ಕೂಡಲೇ ಶುರು. ಸ್ಕೂಟರ್ ಹಿಂದೆ ಕೂತ ಹುಡುಗನಿಗೂ ಇದರಿಂದ ಬಿಡುಗಡೆಯಿಲ್ಲ. ಹಸಿವಾಯಿತಾ, ಏನು ತಿನ್ನೋಣ ಎಂದು ಕೇಳಿ ಸುಮ್ಮನಾಗುವ ಅಪ್ಪ ಅಮ್ಮ ಮಗುವಿಗೆ ಎಷ್ಟು ದೊಡ್ಡ ಉಪಕಾರ ಮಾಡುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ.

ಮಗು ನಿದ್ದೆ ಬಿಟ್ಟರೆ, ತರಬೇತಿಯ ದಿನ ಮಾತ್ರ ಹೊಟ್ಟೆನೋವು ಎಂದರೆ, ಗೆಳೆಯರಿಂದ ದೂರವಾದರೆ, ಇಷ್ಟದ ತಿಂಡಿಯನ್ನೂ ಮುಟ್ಟದಿದ್ದರೆ ಅದನ್ನು ಸೋಮಾರಿತನವೆಂದು ಬಗೆಯದೆ ಕೂತು ಕೇಳಬೇಕು. ಬದುಕೇ ಬೇಡ ಎಂಬ ಮಾತು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಅದರ ಮೇಲುಸ್ತುವಾರಿಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಅಕಾಡೆಮಿಗೆ ಮಗುವನ್ನು ಸೇರಿಸಲು ಹೋದವರು ಹುಲ್ಲು ಹೇಗಿದೆ, ಕೋಚ್ ಯಾವ ಲೈಸೆನ್ಸ್ ಪಡೆದಿದ್ದಾರೆ, ಶುಲ್ಕ ಎಷ್ಟು ಎಂದು ಕೇಳುತ್ತಾರೆ. ಇನ್ನೂ ಕೆಲವನ್ನು ಕೇಳಬೇಕು. ಆಯ್ಕೆಗೆ ಸಂಬಂಧವೇ ಇಲ್ಲದ, ಮಗು ಗುಟ್ಟಾಗಿ ಮಾತನಾಡಬಹುದಾದ ಒಬ್ಬರು ಇಲ್ಲಿದ್ದಾರೆಯೇ? ಗಾಯವಾದರೆ ಆ ತಿಂಗಳುಗಳಲ್ಲಿ ಅವನು ಎಲ್ಲಿ, ಯಾರ ಜೊತೆ ಇರುತ್ತಾನೆ? ಪರೀಕ್ಷೆಯ ವಾರ ತರಬೇತಿ ಬಿಟ್ಟರೆ ಜಾಗ ಹೋಗುತ್ತದೆಯೇ? ಕೈಬಿಡುವ ಮಾತನ್ನು ಯಾರು, ಹೇಗೆ, ವರ್ಷದ ಯಾವ ಹೊತ್ತಿನಲ್ಲಿ ತಿಳಿಸುತ್ತಾರೆ? ಕಳೆದ ಮೂರು ವರ್ಷಗಳಲ್ಲಿ ಇಲ್ಲಿಂದ ಹೊರಬಿದ್ದ ಹುಡುಗರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ಗೋಡೆಯ ಮೇಲಿನ ಟ್ರೋಫಿಗಳನ್ನು ತೋರಿಸಿದರೆ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು.